ವಾಣಿಜ್ಯ ಕಾಫಿ ಬ್ರೂವರ್: ದೋಷ ಪತ್ತೆ ಮತ್ತು ದುರಸ್ತಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳನ್ನು ಯಂತ್ರವನ್ನು ದಿನವೂ ಬಳಸುವವರು ಮತ್ತು ದುರಸ್ತಿ ಕಲಿಯುತ್ತಿರುವವರು ಬೇರೆ ಬೇರೆ ಸಂದರ್ಭಗಳಲ್ಲಿ ಕೇಳಿದ್ದಾರೆ. ನೀರಿನ ಕೊಳವೆಗೆ ನೇರವಾಗಿ ಜೋಡಿಸಿದ, ಒಳಗಿನ ಟ್ಯಾಂಕಿನಲ್ಲಿ ಸದಾ ಬಿಸಿನೀರನ್ನು ಇಟ್ಟುಕೊಂಡು, ಬಟನ್ ಒತ್ತಿದಾಗ ಫಿಲ್ಟರ್ ಕಾಗದದಲ್ಲಿರುವ ಕಾಫಿ ಪುಡಿಯ ಮೇಲೆ ನೀರು ಸುರಿಸುವ ಯಂತ್ರವನ್ನೇ ಇಲ್ಲಿ ಬ್ರೂವರ್ ಎಂದು ಕರೆದಿದೆ. ಹೆಚ್ಚಿನ ಒತ್ತಡದಲ್ಲಿ ಕೆಲಸ ಮಾಡುವ ಎಸ್ಪ್ರೆಸೊ ಯಂತ್ರದ ದೋಷಗಳು ಬೇರೆಯೇ ಆಗಿರುವುದರಿಂದ ಅವು ಇಲ್ಲಿ ಬರುವುದಿಲ್ಲ.

## ಮೊದಲು ತಿಳಿದಿರಬೇಕಾದವು

ಬಟನ್ ಒತ್ತಿದ ಮೇಲೆ ಒಳಗೆ ನಿಜವಾಗಿ ಏನು ನಡೆಯುತ್ತದೆ?

ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಿ ಟ್ಯಾಂಕು ಯಾವಾಗಲೂ ಬಿಸಿನೀರಿನಿಂದ ತುಂಬಿರುತ್ತದೆ. ಬಟನ್ ಒತ್ತಿದಾಗ ಸೊಲೆನಾಯ್ಡ್ ವಾಲ್ವ್, ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್, ತೆರೆದುಕೊಂಡು ತಣ್ಣೀರು ಟ್ಯಾಂಕಿನ ತಳಕ್ಕೆ ಬರುತ್ತದೆ. ತಣ್ಣೀರಿನ ಸಾಂದ್ರತೆ ಹೆಚ್ಚಾದ್ದರಿಂದ ಅದು ತಳದಲ್ಲೇ ನಿಂತು, ಮೇಲಿರುವ ಬಿಸಿನೀರನ್ನು ಕೊಳವೆಯ ಮೂಲಕ ಹೊರಕ್ಕೆ ತಳ್ಳುತ್ತದೆ. ಆ ನೀರು ಸ್ಪ್ರೇ ಹೆಡ್, ಅಂದರೆ ಸಣ್ಣ ರಂಧ್ರಗಳಿರುವ ಷವರ್, ಮೂಲಕ ಪುಡಿಯ ಮೇಲೆ ಬೀಳುತ್ತದೆ. ಹಾಗಾಗಿ ಪುಡಿಯನ್ನು ಮುಟ್ಟುವುದು ಈಗ ಬಂದ ನೀರಲ್ಲ, ಮೊದಲೇ ಕಾದಿದ್ದ ನೀರು. ಇನ್ನೊಂದು ಬಗೆಯಲ್ಲಿ ಟ್ಯಾಂಕು ತುಂಬುವುದಕ್ಕೆ ಒಂದು ವಾಲ್ವ್, ಪುಡಿಯ ಮೇಲೆ ನೀರು ಬಿಡುವುದಕ್ಕೆ ಇನ್ನೊಂದು ವಾಲ್ವ್ ಇರುತ್ತದೆ, ಮತ್ತು ನೀರಿನ ಮಟ್ಟವನ್ನು ಪ್ರೋಬ್ ಎಂಬ ಲೋಹದ ಕಡ್ಡಿ ಗುರುತಿಸುತ್ತದೆ.

ನಿಮ್ಮದು ಯಾವ ಬಗೆ ಎಂದು ತಿಳಿಯದೆ ದುರಸ್ತಿಗೆ ಕೈ ಹಾಕಬಾರದು. ಹೊರಗಿನ ನೀರಿನ ನಲ್ಲಿ ಮುಚ್ಚಿ ಬಟನ್ ಒತ್ತಿ ನೋಡಿ: ನೀರೇ ಬರದಿದ್ದರೆ ಮೊದಲ ಬಗೆ, ಬಿಸಿನೀರು ಬಂದರೆ ಎರಡನೆಯದು.

ಯಂತ್ರ ಬಿಚ್ಚುವ ಮೊದಲು ಸ್ವಿಚ್ ಆಫ್ ಮಾಡಿದರೆ ಸಾಲದೇ?

ಸಾಲದು. ಅನೇಕ ಮಾದರಿಗಳಲ್ಲಿ ಮುಂಭಾಗದ ಸ್ವಿಚ್ ಬಟನ್ ಮತ್ತು ಬಿಸಿ ತಟ್ಟೆಯನ್ನು ಮಾತ್ರ ನಿಲ್ಲಿಸುತ್ತದೆ. ಟ್ಯಾಂಕಿನ ಹೀಟರ್‌ಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಪ್ಲಗ್ ಕೀಳಬೇಕು, ಪ್ಲಗ್ ಇಲ್ಲದೆ ನೇರ ವೈರಿಂಗ್ ಇದ್ದರೆ ಆ ಸಾಲಿನ ಬ್ರೇಕರ್ ಇಳಿಸಬೇಕು, ನೀರಿನ ನಲ್ಲಿಯನ್ನೂ ಮುಚ್ಚಬೇಕು. ಟ್ಯಾಂಕಿನಲ್ಲಿ 90 ಡಿಗ್ರಿಗೂ ಹೆಚ್ಚು ಬಿಸಿಯಾದ ಹಲವು ಲೀಟರ್ ನೀರು ಇರುತ್ತದೆ ಮತ್ತು ಅದು ತಣಿಯಲು ಗಂಟೆಗಳೇ ಬೇಕಾಗುತ್ತವೆ. ವಿದ್ಯುತ್ ಹರಿಯುತ್ತಿರುವಾಗಲೇ ಮಾಡಬೇಕಾದ ಪರೀಕ್ಷೆಗಳನ್ನು ಆ ಕೆಲಸ ಕಲಿತವರಿಗೆ ಬಿಡಬೇಕು.

ಎಲ್ಲಿಂದ ಹುಡುಕಲು ಶುರು ಮಾಡಬೇಕು ಎಂದೇ ಗೊತ್ತಾಗುವುದಿಲ್ಲ. ಏನಾದರೂ ಕ್ರಮವಿದೆಯೇ?

ಇದೆ, ಮತ್ತು ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತು ಇದೊಂದೇ: ಯಾವ ಭಾಗವನ್ನೂ ಬದಲಿಸುವ ಮೊದಲು ಮೂರು ಅಳತೆಗಳನ್ನು ತೆಗೆದುಕೊಳ್ಳಿ. ಪುಡಿ ಹಾಕದೆ, ಖಾಲಿ ಬ್ಯಾಸ್ಕೆಟ್, ಅಂದರೆ ಕಾಗದ ಮತ್ತು ಪುಡಿ ಕೂರುವ ಬುಟ್ಟಿ, ಇಟ್ಟು ಒಂದು ಸುತ್ತು ನಡೆಸಿ. ಹೊರಬಂದ ನೀರು ಎಷ್ಟು ಎಂದು ಅಳತೆಯ ಜಗ್ಗಿನಲ್ಲಿ ನೋಡಿ; ಷವರ್ ಕೆಳಗೆ ಬೀಳುವ ನೀರಿನ ಉಷ್ಣತೆ ಎಷ್ಟು ಎಂದು ಥರ್ಮಾಮೀಟರಿನಲ್ಲಿ ನೋಡಿ; ಮೊದಲ ಹನಿಯಿಂದ ಕೊನೆಯ ಹನಿಯವರೆಗೆ ಎಷ್ಟು ಹೊತ್ತಾಯಿತು ಎಂದು ಗಡಿಯಾರದಲ್ಲಿ ನೋಡಿ. ಪ್ರಮಾಣ ತಪ್ಪಿದ್ದರೆ ವಾಲ್ವ್, ಕೊಳವೆ, ಟೈಮರ್ ಕಡೆ ಹೋಗಬೇಕು. ಉಷ್ಣತೆ ತಪ್ಪಿದ್ದರೆ ಹೀಟರ್ ಮತ್ತು ಉಷ್ಣತೆ ನೋಡಿ ಅದನ್ನು ಆನ್ ಆಫ್ ಮಾಡುವ ಥರ್ಮೋಸ್ಟಾಟ್ ಕಡೆ ಹೋಗಬೇಕು. ಎರಡೂ ಸರಿಯಿದ್ದು ಹೊತ್ತು ಮಾತ್ರ ಹೆಚ್ಚಾಗಿದ್ದರೆ ಷವರ್ ಅಥವಾ ಅದರ ಕೊಳವೆ ಕಟ್ಟಿಕೊಂಡಿದೆ. ಮೂರೂ ಸರಿಯಿದ್ದರೆ ಯಂತ್ರದಲ್ಲಿ ದೋಷವೇ ಇಲ್ಲ. ಪುಡಿಯನ್ನು, ಫಿಲ್ಟರ್ ಕಾಗದವನ್ನು, ನೀರಿನ ಗುಣವನ್ನು ನೋಡಬೇಕು. ಐದು ನಿಮಿಷದ ಈ ಕೆಲಸ ಬಿಟ್ಟು ಅಂದಾಜಿನ ಮೇಲೆ ಯಂತ್ರವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಬೋರ್ಡ್ ಬದಲಿಸಿ, ಆಮೇಲೂ ದೋಷ ಹಾಗೆಯೇ ಉಳಿದದ್ದನ್ನು ನಾನು ಬಹಳ ಸಲ ಕಂಡಿದ್ದೇನೆ.

## ನೀರಿನ ಹರಿವು

ದೀಪ ಉರಿಯುತ್ತದೆ, ಬಟನ್ ಒತ್ತಿದರೆ ನೀರು ಮಾತ್ರ ಬರುವುದಿಲ್ಲ. ಏಕೆ?

ಮೊದಲು ಕಿವಿಗೊಟ್ಟು ಕೇಳಿ. ಬಟನ್ ಒತ್ತಿದಾಗ ವಾಲ್ವ್ ಇರುವ ಜಾಗದಿಂದ ‘ಟಕ್’ ಎಂಬ ಸದ್ದು ಬಂದರೆ ಅದಕ್ಕೆ ವಿದ್ಯುತ್ ತಲುಪುತ್ತಿದೆ, ನೀರು ತಲುಪುತ್ತಿಲ್ಲ ಎಂದರ್ಥ: ಹೊರಗಿನ ನಲ್ಲಿ ಮುಚ್ಚಿರಬಹುದು, ಯಂತ್ರದ ಹಿಂದಿನ ಕೊಳವೆ ಗೋಡೆಗೆ ಒತ್ತಿ ಮಡಚಿರಬಹುದು, ನೀರಿನ ಫಿಲ್ಟರ್ ಕಟ್ಟಿರಬಹುದು, ವಾಲ್ವಿನ ಬಾಯಲ್ಲಿರುವ ಸಣ್ಣ ಜಾಲರಿಯಲ್ಲಿ ಮರಳು ತುಂಬಿರಬಹುದು. ಕಟ್ಟಡದ ಕೊಳವೆ ಕೆಲಸ ನಡೆದ ಮರುದಿನ ದೂರು ಬಂದರೆ ಮೊದಲು ಆ ಜಾಲರಿಯನ್ನೇ ಬಿಚ್ಚಿ ನೋಡಬೇಕು. ಸದ್ದೇ ಬರದಿದ್ದರೆ ವಾಲ್ವಿನ ಕಾಯಿಲ್ ಸುಟ್ಟಿರಬಹುದು, ಅಥವಾ ಅದಕ್ಕೆ ವಿದ್ಯುತ್ತೇ ಬರುತ್ತಿಲ್ಲ. ಇನ್ನೊಂದು ಸಾಧ್ಯತೆಯನ್ನು ಮರೆಯಬಾರದು: ನೀರು ಬೇಕಾದಷ್ಟು ಬಿಸಿಯಾಗುವ ತನಕ ಬಟನ್ ಕೆಲಸ ಮಾಡದಂತೆ ತಡೆಯುವ ಏರ್ಪಾಡು ಕೆಲವು ಯಂತ್ರಗಳಲ್ಲಿರುತ್ತದೆ, ಆಗ ಅದು ದೋಷವಲ್ಲ.

ಕಾಫಿ ಇಳಿದು ಮುಗಿದ ಮೇಲೂ ಷವರ್‌ನಿಂದ ತೊಟ್ಟಿಕ್ಕುತ್ತಲೇ ಇರುತ್ತದೆ. ವಾಲ್ವ್ ಹೋಗಿದೆಯೇ?

ಹೋಗಿರಬಹುದು, ಆದರೆ ತೊಟ್ಟಿಕ್ಕುವುದಕ್ಕೆ ಮೂರು ಬೇರೆ ಬೇರೆ ಕಾರಣಗಳಿವೆ ಮತ್ತು ಅವುಗಳನ್ನು ಬೇರ್ಪಡಿಸುವುದು ಸುಲಭ. ಪ್ಲಗ್ ಕಿತ್ತು ಹತ್ತು ಹದಿನೈದು ನಿಮಿಷ ನೋಡಿ. ವಿದ್ಯುತ್ ಇಲ್ಲದಿದ್ದರೂ ನೀರು ನಿಲ್ಲದೆ ಬರುತ್ತಿದ್ದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಅದರ ರಬ್ಬರ್ ಸೀಟಿನ ಮೇಲೆ ಮರಳಿನ ಕಣವೋ ಗಡಸು ನೀರಿನಿಂದ ಕಟ್ಟಿದ ಸುಣ್ಣದ ಚೂರೋ ಸಿಕ್ಕಿಕೊಂಡಿರುತ್ತದೆ. ಬಿಚ್ಚಿ ತೊಳೆದರೆ ಹಲವು ಬಾರಿ ಅಷ್ಟಕ್ಕೇ ಸರಿಹೋಗುತ್ತದೆ. ರಬ್ಬರ್ ಗಟ್ಟಿಯಾಗಿ ಗುಳಿ ಬಿದ್ದಿದ್ದರೆ ಮಾತ್ರ ಬದಲಿಸಬೇಕು. ಮರಳಿ ಜೋಡಿಸುವಾಗ ವಾಲ್ವಿನ ಮೈಮೇಲಿರುವ ಬಾಣದ ಗುರುತು ನೀರು ಹರಿಯುವ ದಿಕ್ಕಿಗೇ ಇರಬೇಕು.

ಪ್ಲಗ್ ಕಿತ್ತ ಕೂಡಲೇ ನೀರು ನಿಂತರೆ ವಾಲ್ವಿನದು ತಪ್ಪಲ್ಲ. ಟೈಮರ್ ಅಥವಾ ರಿಲೇ, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್, ಅದನ್ನು ತೆರೆದೇ ಇಟ್ಟಿದೆ.

ಮೂರನೆಯ ಕಾರಣವನ್ನು ಬಹಳ ಜನ ಗಮನಿಸುವುದಿಲ್ಲ. ನೀರು 20 ಡಿಗ್ರಿಯಿಂದ 95 ಡಿಗ್ರಿಗೆ ಕಾದಾಗ ಅದರ ಗಾತ್ರ ಸುಮಾರು ಶೇಕಡಾ 4ರಷ್ಟು ಹಿಗ್ಗುತ್ತದೆ. ಒಂದು ಸುತ್ತಿಗೆ 2 ಲೀಟರ್ ತಣ್ಣೀರು ಒಳಬಂದಿದ್ದರೆ ಅದು ಕಾಯುವಾಗ ಹೆಚ್ಚುಕಡಿಮೆ 75 ಮಿಲಿಲೀಟರ್ ಹೆಚ್ಚಿನ ಜಾಗ ಬೇಕಾಗುತ್ತದೆ. ಇದಕ್ಕಾಗಿಯೇ ಪ್ರತಿ ಸುತ್ತಿನ ಕೊನೆಗೆ ನೀರಿನ ಮಟ್ಟ ತುಸು ಕೆಳಗಿಳಿಯುವಂತೆ ಸೈಫನ್ ಮತ್ತು ಗಾಳಿಯಾಡುವ ಸಣ್ಣ ಕೊಳವೆಯ ಏರ್ಪಾಡು ಮಾಡಿರುತ್ತಾರೆ. ಆ ಕೊಳವೆ ಸುಣ್ಣದಿಂದ ಮುಚ್ಚಿಹೋದರೆ ಹಿಗ್ಗಿದ ನೀರಿಗೆ ಜಾಗವಿಲ್ಲದೆ ಷವರ್ ಮೂಲಕವೇ ತೊಟ್ಟಿಕ್ಕುತ್ತದೆ. ಕಾಫಿ ಇಳಿದ ಮೇಲೆ ಕೆಲವು ನಿಮಿಷ ಮಾತ್ರ ತೊಟ್ಟಿಕ್ಕಿ ತಾನಾಗಿ ನಿಲ್ಲುತ್ತಿದ್ದರೆ ಇದೇ ಕಾರಣ ಎಂದು ತಿಳಿಯಬೇಕು. ಯಂತ್ರ ಓರೆಯಾಗಿ ನಿಂತಿದ್ದರೂ ಹೀಗಾಗಬಹುದು. ಮಟ್ಟಗೋಲು ಇಟ್ಟು ನೋಡಿ ಕಾಲುಗಳನ್ನು ಸರಿಮಾಡಿ.

ಒಂದು ಸಲ ಜಗ್ ತುಂಬುತ್ತದೆ, ಇನ್ನೊಂದು ಸಲ ಮುಕ್ಕಾಲೇ ಬರುತ್ತದೆ. ಅಳತೆ ಹೀಗೆ ಏಕೆ ಬದಲಾಗುತ್ತದೆ?

ಟೈಮರ್ ನೀರನ್ನು ಅಳೆಯುವುದಿಲ್ಲ, ವಾಲ್ವ್ ತೆರೆದಿರುವ ಸೆಕೆಂಡುಗಳನ್ನು ಮಾತ್ರ ಎಣಿಸುತ್ತದೆ. ಅದೇ ಸಾಲಿನಲ್ಲಿ ಬೇರೆ ನಲ್ಲಿ ಬಿಟ್ಟಾಗ ಒತ್ತಡ ಇಳಿದರೆ, ಅಷ್ಟೇ ಸೆಕೆಂಡಿನಲ್ಲಿ ಕಡಿಮೆ ನೀರು ಬರುತ್ತದೆ. ಒತ್ತಡದ ಏರಿಳಿತವನ್ನು ತಗ್ಗಿಸಲೆಂದೇ ವಾಲ್ವಿನೊಳಗೆ ಬಾಗುವ ರಬ್ಬರ್ ವಾಷರ್ ಇರುತ್ತದೆ. ಅದು ಸವೆದಿದ್ದರೆ ಅಥವಾ ತಿರುವುಮುರುವಾಗಿ ಕೂತಿದ್ದರೆ ಅಳತೆ ತಪ್ಪುತ್ತದೆ. ಪ್ರಮಾಣ ದಿನದಿಂದ ದಿನಕ್ಕೆ ನಿಧಾನವಾಗಿ ಇಳಿಯುತ್ತ ಬಂದಿದ್ದರೆ ನೀರಿನ ಫಿಲ್ಟರ್ ಅಥವಾ ಷವರ್ ಕೊಳವೆ ಕಟ್ಟುತ್ತಿದೆ. ಅಂತಹ ಸ್ಥಿತಿಯಲ್ಲಿ ಟೈಮರ್ ಹೆಚ್ಚಿಸಿ ಸುಮ್ಮನಾಗುವುದು ತಪ್ಪು. ಫಿಲ್ಟರ್ ಬದಲಿಸಿದ ದಿನವೇ ಜಗ್ ಉಕ್ಕಿ ಬಿಸಿ ಕಾಫಿ ಚೆಲ್ಲುತ್ತದೆ. ಪುಡಿಯು ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದೂ ಲೆಕ್ಕದಲ್ಲಿರಲಿ: 110 ಗ್ರಾಂ ಪುಡಿಗೆ 2 ಲೀಟರ್ ನೀರು ಬಿಟ್ಟರೆ ಕೈಗೆ ಸಿಗುವುದು 1.8 ಲೀಟರಿನ ಆಸುಪಾಸು.

ಬ್ಯಾಸ್ಕೆಟ್ ಉಕ್ಕಿ ಚರಟವೆಲ್ಲ ಜಗ್ಗಿಗೆ ಬೀಳುತ್ತದೆ. ಇದು ಯಂತ್ರದ ದೋಷವೇ?

ಬಹುಪಾಲು ಅಲ್ಲ. ನೀರು ಬೀಳುವ ವೇಗಕ್ಕಿಂತ ಇಳಿಯುವ ವೇಗ ಕಡಿಮೆಯಾದಾಗ ಉಕ್ಕುತ್ತದೆ. ಪುಡಿ ತೀರಾ ನುಣ್ಣಗಿರುವುದು, ಕಾಗದದ ಅಂಚು ಒಳಕ್ಕೆ ಮಡಚಿಕೊಂಡಿರುವುದು, ಎರಡು ಕಾಗದಗಳು ಅಂಟಿಕೊಂಡೇ ಬಂದಿರುವುದು, ಹಿಂದಿನ ಚರಟವನ್ನು ತೆಗೆಯದೆ ಮತ್ತೆ ಬಟನ್ ಒತ್ತಿರುವುದು, ಇವೇ ನಿತ್ಯದ ಕಾರಣಗಳು. ಆಗತಾನೇ ಹುರಿದ ಕಾಫಿಯಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಬಂದು ನೊರೆ ಉಬ್ಬುವುದೂ ಉಂಟು. ಉಕ್ಕಿದ ಬ್ಯಾಸ್ಕೆಟ್ಟನ್ನು ತಕ್ಷಣ ಎಳೆಯಬೇಡಿ. ಅದರಲ್ಲಿ ಸುಡುವ ನೀರು ತುಂಬಿರುತ್ತದೆ. ಈ ಯಂತ್ರಗಳಲ್ಲಿ ಕೈ ಸುಟ್ಟುಕೊಳ್ಳುವ ಅಪಾಯ ಹೆಚ್ಚಾಗಿರುವ ಗಳಿಗೆ ಇದೇ.

## ಉಷ್ಣತೆ ಮತ್ತು ರುಚಿ

ಕಾಫಿ ನೀರು ನೀರಾಗಿ ಬರುತ್ತಿದೆ. ಪುಡಿ ಹೆಚ್ಚು ಹಾಕಿದರೆ ಸರಿಹೋಗುವುದಿಲ್ಲವೇ?

ಬಣ್ಣ ಗಾಢವಾಗಬಹುದು, ರುಚಿ ಸರಿಯಾಗುವುದಿಲ್ಲ. 1 ಲೀಟರ್ ನೀರಿಗೆ 55 ರಿಂದ 60 ಗ್ರಾಂ ಪುಡಿ, ಪುಡಿಯನ್ನು ಮುಟ್ಟುವಾಗ 90 ರಿಂದ 96 ಡಿಗ್ರಿ ಉಷ್ಣತೆ, ಒಟ್ಟು 4 ರಿಂದ 8 ನಿಮಿಷದ ಸಂಪರ್ಕ, ಇವು ಈ ವಿಧಾನಕ್ಕೆ ಒಪ್ಪಿತವಾದ ಅಳತೆಗಳು. ಪುಡಿಯ ತೂಕದಲ್ಲಿ ಶೇಕಡಾ 18 ರಿಂದ 22ರಷ್ಟು ನೀರಿಗಿಳಿದಾಗ ರುಚಿ ಹದವಾಗಿರುತ್ತದೆ. ನೀರು 80 ಡಿಗ್ರಿಯಲ್ಲಿ ಬಿದ್ದರೆ ಎಷ್ಟೇ ಪುಡಿ ಹಾಕಿದರೂ ಹುಳಿಯೇ ಮುಂದಾಗಿ ಕಾಫಿ ಸಪ್ಪೆ ಎನಿಸುತ್ತದೆ.

ಕಾಫಿ ಇಳಿದ ಮೇಲೆ ಬ್ಯಾಸ್ಕೆಟ್ಟಿನೊಳಗಿನ ಚರಟವನ್ನು ಒಮ್ಮೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಅದು ಸಮತಟ್ಟಾಗಿ, ಎಲ್ಲೆಡೆ ಒಂದೇ ಸಮ ನೆನೆದಿರಬೇಕು. ನಡುವೆ ಗುಂಡಿ ಬಿದ್ದು ಅಂಚಿನಲ್ಲಿ ಪುಡಿ ಒಣಗಿಯೇ ಉಳಿದಿದ್ದರೆ ಷವರ್‌ನ ಕೆಲವು ರಂಧ್ರಗಳು ಮುಚ್ಚಿ, ಉಳಿದವುಗಳಿಂದ ನೀರು ಜೋರಾಗಿ ಬೀಳುತ್ತಿದೆ. ಷವರ್ ಬಿಚ್ಚಿ ಪ್ರತಿ ರಂಧ್ರವನ್ನೂ ಸೂಜಿಯಿಂದ ಬಿಡಿಸಿದರೆ ಸಾಕು. ಇಷ್ಟು ಸಣ್ಣ ಕೆಲಸದಿಂದ ಕಾಫಿಯ ರುಚಿ ಹೇಗೆ ಮರಳುತ್ತದೆ ಎಂಬುದನ್ನು ಒಮ್ಮೆ ಕಂಡವರು ಷವರ್ ತೊಳೆಯುವುದನ್ನು ಮತ್ತೆ ಮರೆಯುವುದಿಲ್ಲ.

ಮೊದಲ ಜಗ್ ಚೆನ್ನಾಗಿರುತ್ತದೆ, ಸಾಲಾಗಿ ಮಾಡಿದರೆ ಮೂರನೆಯದು ಸಪ್ಪೆಯಾಗುತ್ತದೆ. ಏಕೆ?

ಪ್ರತಿ ಸುತ್ತಿಗೂ ಒಳಬರುವ ತಣ್ಣೀರನ್ನು ಕಾಯಿಸಲು ಹೀಟರ್‌ಗೆ ಸಮಯ ಬೇಕು. 2 ಲೀಟರ್ ನೀರನ್ನು 20 ರಿಂದ 93 ಡಿಗ್ರಿಗೆ ಏರಿಸಲು 3000 ವಾಟ್‌ನ ಹೀಟರ್‌ಗೆ, ಏನೂ ನಷ್ಟವಿಲ್ಲವೆಂದುಕೊಂಡರೂ, ಸುಮಾರು ಮೂರೂವರೆ ನಿಮಿಷ ಹಿಡಿಯುತ್ತದೆ. 1500 ವಾಟ್‌ನದಕ್ಕೆ ಏಳು ನಿಮಿಷ. ಅಷ್ಟು ಬಿಡುವು ಕೊಡದಿದ್ದರೆ ಸುತ್ತಿನಿಂದ ಸುತ್ತಿಗೆ ಉಷ್ಣತೆ ಇಳಿಯುತ್ತದೆ. ಮೊದಲು ಹೀಗಿರಲಿಲ್ಲ, ಈಚೆಗೆ ಶುರುವಾಗಿದೆ ಎನ್ನುವುದಾದರೆ ಎಲಿಮೆಂಟ್ (ಹೀಟರಿನಲ್ಲಿ ಕಾಯುವ ಭಾಗ) ಮತ್ತು ವೋಲ್ಟೇಜ್ ಎರಡನ್ನೂ ಅಳೆಯಬೇಕು. ಹೀಟರ್‌ನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ವೋಲ್ಟೇಜ್ ಶೇಕಡಾ 10 ಇಳಿದರೆ ಶಕ್ತಿ ಶೇಕಡಾ 19 ಇಳಿಯುತ್ತದೆ.

ಟ್ಯಾಂಕಿನಿಂದ ಸದಾ ಕುದಿಯುವ ಸದ್ದು, ಷವರ್‌ನಿಂದ ಹಬೆ. ಹೀಗೇ ಬಿಡಬಹುದೇ?

ಬಿಡಬಾರದು. ಥರ್ಮೋಸ್ಟಾಟಿನ ಸಂಪರ್ಕಗಳು ಬೆಸೆದುಕೊಂಡಿರಬಹುದು, ಅದರ ತುದಿಯಲ್ಲಿ ಬಿಸಿಯನ್ನು ಅರಿಯುವ ಬಲ್ಬ್ ನೀರಿನ ಮಟ್ಟದಿಂದ ಮೇಲೆ ಸರಿದಿರಬಹುದು, ಅಥವಾ ಬಲ್ಬಿನ ಮೇಲೆ ದಪ್ಪನೆಯ ಸುಣ್ಣ ಕಟ್ಟಿ ಅದು ಬಿಸಿಯನ್ನು ತಡವಾಗಿ ಅರಿಯುತ್ತಿರಬಹುದು. ಎತ್ತರದ ಪ್ರದೇಶದಲ್ಲಿ ಯಂತ್ರ ಸರಿಯಾಗಿದ್ದರೂ ಹೀಗಾಗುತ್ತದೆ: ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಏರಿದಂತೆ ಕುದಿಯುವ ಬಿಂದು ಸುಮಾರು 1 ಡಿಗ್ರಿ ಇಳಿಯುತ್ತದೆ, 1500 ಮೀಟರಿನಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ. ಅಲ್ಲಿ 96 ಡಿಗ್ರಿಗೆ ಹೊಂದಿಸಿದ ಯಂತ್ರ ಆ ಅಳತೆಯನ್ನು ಎಂದಿಗೂ ಮುಟ್ಟದೆ ಕುದಿಸುತ್ತಲೇ ಇರುತ್ತದೆ. ಸ್ಥಳೀಯ ಕುದಿಬಿಂದುವಿಗಿಂತ 2 ಅಥವಾ 3 ಡಿಗ್ರಿ ಕೆಳಗೆ ಹೊಂದಿಸಬೇಕು.

ಕಾಫಿಯಲ್ಲಿ ಹಳಸಿದ ಎಣ್ಣೆಯ ವಾಸನೆ ಬರುತ್ತಿದೆ.

ಬ್ಯಾಸ್ಕೆಟ್, ಜಗ್ ಮತ್ತು ಫ್ಲಾಸ್ಕಿನ ಗಾಜಿನ ಮಟ್ಟಸೂಚಿಯಲ್ಲಿ ಕಾಫಿಯ ಎಣ್ಣೆ ಅಂಟಿ ಹಳಸಿದೆ. ಎಣ್ಣೆಗೆ ಕ್ಷಾರೀಯ ಕಾಫಿ ಕ್ಲೀನರ್ ಬೇಕು, ಸುಣ್ಣಕ್ಕೆ ಆಮ್ಲ ಬೇಕು. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

## ಸುಣ್ಣ ಮತ್ತು ನೀರಿನ ಗುಣ

ಒಳಗೆ ಕಟ್ಟಿದ ಸುಣ್ಣವನ್ನು ತೆಗೆಯುವುದು ಹೇಗೆ? ಎಷ್ಟು ದಿನಕ್ಕೊಮ್ಮೆ?

ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಯಾದಾಗ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬಿಸಿ ಮೈಗೆ ಅಂಟುತ್ತದೆ. ಎಲ್ಲಕ್ಕಿಂತ ಬಿಸಿಯಾದ ಮೈ ಎಲಿಮೆಂಟಿನದೇ ಆದ್ದರಿಂದ ಅಲ್ಲೇ ಹೆಚ್ಚು ಕಟ್ಟುತ್ತದೆ, ಮತ್ತು ಆ ಪದರ ಬಿಸಿಯನ್ನು ನೀರಿಗೆ ಹೋಗಗೊಡದೆ ಎಲಿಮೆಂಟನ್ನೇ ಸುಡುತ್ತದೆ.

ಯಂತ್ರದ ವಿದ್ಯುತ್ ತೆಗೆದು, ತಣಿಸಿ, ಟ್ಯಾಂಕನ್ನು ಬರಿದು ಮಾಡಿ. 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 40 ರಿಂದ 50 ಗ್ರಾಂ ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪು, ಕರಗಿಸಿ ನಿಧಾನವಾಗಿ ತುಂಬಿ. ಸುಣ್ಣ ಕರಗುವಾಗ ಅನಿಲ ಹೊರಬಂದು ನೊರೆ ಏರುತ್ತದೆ. ಆದ್ದರಿಂದ ಮುಚ್ಚಳವನ್ನು ಬಿಗಿಯಾಗಿ ಮುಚ್ಚಬಾರದು. ದ್ರಾವಣವನ್ನು ಕುದಿಸಲೂ ಬಾರದು, ಏಕೆಂದರೆ ಹೆಚ್ಚು ಬಿಸಿಯಲ್ಲಿ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಕರಗದ ಪದಾರ್ಥ ಕಟ್ಟಿಕೊಳ್ಳುತ್ತದೆ. ನೊರೆ ಏಳುವುದು ನಿಂತ ಮೇಲೆ ಬರಿದು ಮಾಡಿ, ಉದುರಿದ ಚೂರುಗಳನ್ನು ಕೈಯಿಂದ ತೆಗೆದುಹಾಕಿ. ಅವು ಉಳಿದರೆ ಮರುದಿನವೇ ಷವರ್ ಕಟ್ಟುತ್ತದೆ. ಷವರ್‌ಗೆ ಹೋಗುವ ಕೊಳವೆಯೊಳಗೆ ಬಾಗುವ ಸುರುಳಿ ತಂತಿಯನ್ನು ಆಡಿಸಿ ಬಿಡಿಸಿ. ಕೊನೆಗೆ ಟ್ಯಾಂಕನ್ನು ಕನಿಷ್ಠ ಮೂರು ಬಾರಿ ಹೊಸ ನೀರಿನಿಂದ ತುಂಬಿ ಬರಿದು ಮಾಡಿ. ಆಮ್ಲದ ಜೊತೆ ಬ್ಲೀಚ್ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ಎರಡನ್ನೂ ಒಂದೇ ದಿನ ಯಂತ್ರದ ಹತ್ತಿರ ತರಬೇಡಿ.

ಎಲ್ಲರಿಗೂ ಒಪ್ಪುವ ಅವಧಿ ಎಂಬುದಿಲ್ಲ. ಮೂರು ತಿಂಗಳ ನಂತರ ಒಮ್ಮೆ ತೆರೆದು ಪದರದ ದಪ್ಪ ನೋಡಿ, ಅದರ ಮೇಲೆ ಮುಂದಿನ ಅವಧಿ ನಿರ್ಧರಿಸಿ.

ಆರ್‌ಓ ನೀರು ಕೊಟ್ಟರೆ ಈ ತಾಪತ್ರಯವೇ ಇರುವುದಿಲ್ಲವಲ್ಲ?

ಸುಣ್ಣ ಕಟ್ಟುವುದಿಲ್ಲ, ನಿಜ. ಆದರೆ ಖನಿಜವೇ ಇಲ್ಲದ ನೀರಿನಲ್ಲಿ ಕಾಫಿಯ ರುಚಿ ಚಪ್ಪಟೆಯಾಗುತ್ತದೆ, ಲೋಹದ ಭಾಗಗಳು ಸವೆಯುವ ಸಂಭವವೂ ಹೆಚ್ಚು. ಅದಕ್ಕಿಂತ ತುರ್ತಿನ ವಿಷಯವೆಂದರೆ ಪ್ರೋಬ್ ಇರುವ ಯಂತ್ರಗಳು ನೀರಿನ ವಿದ್ಯುತ್ ವಾಹಕತೆಯನ್ನೇ ನೆಚ್ಚಿಕೊಂಡಿವೆ. ತೀರಾ ಶುದ್ಧವಾದ ನೀರನ್ನು ಪ್ರೋಬ್ ಗುರುತಿಸದೆ ಟ್ಯಾಂಕು ಉಕ್ಕಬಹುದು. ಆರ್‌ಓ ನೀರಿಗೆ ಸ್ವಲ್ಪ ಫಿಲ್ಟರ್ ಮಾಡಿದ ಸಾಮಾನ್ಯ ನೀರನ್ನು ಬೆರೆಸಿ, ಕರಗಿದ ಖನಿಜಗಳು ಲೀಟರಿಗೆ 150 ಮಿಲಿಗ್ರಾಂ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳುವುದು ಒಳ್ಳೆಯದು.

## ವಿದ್ಯುತ್ ಭಾಗಗಳು: ಕೆಲಸ ಬಲ್ಲವರಿಗೆ

ನೀರು ಬಿಸಿಯೇ ಆಗುತ್ತಿಲ್ಲ. ಎಲಿಮೆಂಟ್ ಹೋಗಿದೆ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ?

ವಿದ್ಯುತ್ ತೆಗೆದು, ಎಲಿಮೆಂಟಿನ ಎರಡೂ ವೈರುಗಳನ್ನು ಬಿಡಿಸಿ, ಮಲ್ಟಿಮೀಟರಿನಲ್ಲಿ ರೋಧವನ್ನು ಅಳೆಯಿರಿ. ಇರಬೇಕಾದ ಬೆಲೆ ವೋಲ್ಟೇಜಿನ ವರ್ಗವನ್ನು ವಾಟಿನಿಂದ ಭಾಗಿಸಿದಷ್ಟು: 230 ವೋಲ್ಟಿನ 3000 ವಾಟ್ ಎಲಿಮೆಂಟಿಗೆ ಸುಮಾರು 17.6 ಓಮ್. ಮೀಟರ್ ಅನಂತ ತೋರಿಸಿದರೆ ಒಳಗಿನ ತಂತಿ ಕಡಿದಿದೆ. ರೋಧ ಸರಿಯಿದ್ದೂ ಬಿಸಿಯಾಗದಿದ್ದರೆ ವಿದ್ಯುತ್ ಬರುವ ದಾರಿಯಲ್ಲಿ ಹಿಂದಕ್ಕೆ ಹೋಗಿ: ಅತಿಯಾಗಿ ಕಾದರೆ ವಿದ್ಯುತ್ ಕಡಿಯುವ ಹೈ ಲಿಮಿಟ್ ಥರ್ಮೋಸ್ಟಾಟ್, ನಿಯಂತ್ರಕ ಥರ್ಮೋಸ್ಟಾಟ್ ಅಥವಾ ರಿಲೇ, ಟರ್ಮಿನಲ್ ಜೋಡಣೆಗಳು. ಸಡಿಲವಾದ ಟರ್ಮಿನಲ್ ಕಾದು ಕಪ್ಪಾಗಿರುವುದು ಬಹಳ ಸಾಮಾನ್ಯ. ಸುಟ್ಟ ವೈರನ್ನು ಬದಲಿಸುವಾಗ ಹೆಚ್ಚಿನ ಬಿಸಿ ತಡೆಯುವ ಸಿಲಿಕೋನ್ ಅಥವಾ ಗಾಜಿನ ನಾರಿನ ಹೊದಿಕೆಯ ವೈರನ್ನೇ ಹಾಕಬೇಕು. ಸಾಮಾನ್ಯ ಪಿವಿಸಿ ವೈರ್ ಅಲ್ಲಿ ಕರಗುತ್ತದೆ.

ಆನ್ ಮಾಡಿದ ಕೂಡಲೇ ಅಲ್ಲ, ಹತ್ತು ನಿಮಿಷದ ಮೇಲೆ ಟ್ರಿಪ್ ಆಗುತ್ತದೆ. ಎಲ್ಲಿ ನೋಡಲಿ?

ಸೋರಿಕೆ ವಿದ್ಯುತ್ತನ್ನು ಗುರುತಿಸುವ ಬ್ರೇಕರ್ ಬೀಳುತ್ತಿದ್ದರೆ ಮೊದಲ ಅನುಮಾನ ಎಲಿಮೆಂಟಿನ ಮೇಲೆ. ಅದರ ಹೊರಕವಚದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ತಣ್ಣಗಿದ್ದಾಗ ಮುಚ್ಚಿಕೊಂಡಿದ್ದು, ಕಾದಾಗ ತೆರೆದು ಒಳಗಿನ ಮೆಗ್ನೀಸಿಯಂ ಆಕ್ಸೈಡ್ ಪುಡಿಗೆ ನೀರು ಮುಟ್ಟಿಸುತ್ತದೆ. ಸಾಮಾನ್ಯ ಮೀಟರ್ ಇದನ್ನು ಹಿಡಿಯುವುದಿಲ್ಲ. ಇನ್ಸುಲೇಷನ್ ಟೆಸ್ಟರಿನಿಂದ ಎಲಿಮೆಂಟಿಗೂ ಅರ್ಥಿಂಗಿಗೂ ನಡುವೆ ಅಳೆಯಬೇಕು, 1 ಮೆಗಾಓಮಿಗಿಂತ ಕಡಿಮೆ ಬಂದರೆ ಎಲಿಮೆಂಟನ್ನು ನಂಬುವಂತಿಲ್ಲ. ಟ್ಯಾಂಕಿನ ಮೇಲಿನ ರಬ್ಬರ್ ಸೀಲಿನಿಂದ ಹಬೆ ಸೋರಿ ಟರ್ಮಿನಲ್ ಮೇಲೆ ನೀರಾಗಿ ಕೂತರೂ ಇದೇ ಲಕ್ಷಣ ಕಾಣುತ್ತದೆ. ಬ್ರೇಕರ್ ಬೀಳುತ್ತದೆಂದು ಅರ್ಥಿಂಗ್ ತಂತಿಯನ್ನೇ ತೆಗೆದಿಟ್ಟ ಯಂತ್ರವನ್ನು ನಾನು ಬಿಚ್ಚಿ ನೋಡಿದ್ದೇನೆ. ನೀರು, ಸ್ಟೀಲಿನ ಮೈ, ಒದ್ದೆ ಕೈ ಮೂರೂ ಸೇರುವ ಜಾಗದಲ್ಲಿ ಅದು ಪ್ರಾಣಕ್ಕೇ ಕುತ್ತು.

ಹೈ ಲಿಮಿಟ್ ಥರ್ಮೋಸ್ಟಾಟ್ ಪದೇ ಪದೇ ಬೀಳುತ್ತಿದೆ. ತಾತ್ಕಾಲಿಕವಾಗಿ ನೇರ ಜೋಡಿಸಬಹುದೇ?

ಕೂಡದು, ಒಂದು ದಿನದ ಮಟ್ಟಿಗೂ ಕೂಡದು. ಟ್ಯಾಂಕು ಒಣಗಿ ಎಲಿಮೆಂಟ್ ಕೆಂಪಾಗುವುದನ್ನು ತಡೆಯಲು ಉಳಿದಿರುವ ಕೊನೆಯ ಭಾಗ ಅದು. ಅದು ಬಿದ್ದಿದೆ ಎಂದರೆ ನೀರಿನ ಮಟ್ಟ ಇಳಿದಿದೆ, ಸುಣ್ಣ ಹೆಚ್ಚಾಗಿದೆ, ಅಥವಾ ನಿಯಂತ್ರಕ ರಿಲೇ ಮುಚ್ಚಿದ ಸ್ಥಿತಿಯಲ್ಲೇ ಕೆಟ್ಟಿದೆ. ಚಲಿಸುವ ಭಾಗವಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್ಚುಗಳಾದ ಟ್ರಯಾಕ್ ಮತ್ತು ಸಾಲಿಡ್ ಸ್ಟೇಟ್ ರಿಲೇಗಳು ಹೆಚ್ಚಾಗಿ ಹೀಗೇ ಕೆಡುತ್ತವೆ. ನೀರು ಬೇಕಾದ ಉಷ್ಣತೆ ಮುಟ್ಟಿದ ಮೇಲೂ ಹೀಟರ್ ವೈರಿನ ಸುತ್ತ ಹಿಡಿದ ಕ್ಲಾಂಪ್ ಮೀಟರ್ ವಿದ್ಯುತ್ ಹರಿವನ್ನು ತೋರಿಸುತ್ತಿದ್ದರೆ ರಿಲೇ ಬದಲಿಸಿ.

ಟ್ಯಾಂಕು ತುಂಬಿದರೂ ನೀರು ನಿಲ್ಲುವುದಿಲ್ಲ. ತಪ್ಪು ಪ್ರೋಬಿನದೋ ಬೋರ್ಡಿನದೋ?

ಪ್ರೋಬಿನ ತುದಿಗೆ ನೀರು ಮುಟ್ಟಿದಾಗ ಅದರಿಂದ ಟ್ಯಾಂಕಿನ ಮೈಗೆ ಅತ್ಯಲ್ಪ ವಿದ್ಯುತ್ ಹರಿದು, ಟ್ಯಾಂಕು ತುಂಬಿದೆ ಎಂದು ಬೋರ್ಡಿಗೆ ತಿಳಿಯುತ್ತದೆ. ಪ್ರೋಬಿನ ವೈರನ್ನು ಬಿಡಿಸಿ, ಅದರ ತುದಿಯನ್ನು ಟ್ಯಾಂಕಿನ ಬರಿಯ ಲೋಹಕ್ಕೆ ಮುಟ್ಟಿಸಿ. ನೀರು ನಿಂತರೆ ಬೋರ್ಡ್ ಸರಿಯಿದೆ. ಪ್ರೋಬಿನ ಮೇಲೆ ಸುಣ್ಣ ಕಟ್ಟಿದೆ ಅಥವಾ ನೀರು ತೀರಾ ಶುದ್ಧವಾಗಿದೆ. ನಿಲ್ಲದಿದ್ದರೆ, ಮತ್ತು ವಿದ್ಯುತ್ ತೆಗೆದಾಗ ಮಾತ್ರ ನಿಲ್ಲುವುದಾದರೆ, ದೋಷ ಬೋರ್ಡಿನದು. ವಿದ್ಯುತ್ ತೆಗೆದರೂ ನಿಲ್ಲದಿದ್ದರೆ ವಾಲ್ವಿನದು.

ಬೋರ್ಡ್ ಬದಲಿಸಲು ಹೇಳಿದ್ದಾರೆ. ಅದಕ್ಕೆ ಮೊದಲು ನಾನೇನು ಕೇಳಬೇಕು?

ಬೋರ್ಡಿಗೆ ಬರುವ ವೋಲ್ಟೇಜ್ ಎಷ್ಟಿದೆ, ಬೋರ್ಡಿನಿಂದ ವಾಲ್ವಿಗೆ ಮತ್ತು ರಿಲೇಗೆ ಹೋಗಬೇಕಾದ ವೋಲ್ಟೇಜ್ ಹೋಗುತ್ತಿದೆಯೇ, ಉಷ್ಣತಾ ಸಂವೇದಕದ ರೋಧ ಎಷ್ಟು ಎಂದು ಕೇಳಿ. ಸಂವೇದಕವು ಬಿಸಿಯೇರಿದಂತೆ ರೋಧ ಇಳಿಯುವ ಥರ್ಮಿಸ್ಟರ್ ಆಗಿದ್ದು, 25 ಡಿಗ್ರಿಯಲ್ಲಿ 10 ಕಿಲೋಓಮ್ ಇರುವ ಬಗೆ ಸಾಮಾನ್ಯ. ನಿಮ್ಮ ಯಂತ್ರದ ಬೆಲೆ ಅದರ ಕೈಪಿಡಿಯಲ್ಲಿರುತ್ತದೆ. ಒಳಗೆ ಸರಿಯಾದದ್ದು ಬಂದು ಹೊರಗೆ ಸರಿಯಾದದ್ದು ಹೋಗದಿದ್ದಾಗ ಮಾತ್ರ ಬೋರ್ಡ್ ಕೆಟ್ಟಿದೆ ಎನ್ನಬಹುದು. ಈ ಅಂಕಿಗಳನ್ನು ಹೇಳಲಾಗದವರು ಬೋರ್ಡನ್ನು ಊಹಿಸುತ್ತಿದ್ದಾರೆ.

ಟ್ಯಾಂಕೇ ಸೋರುತ್ತಿದೆ. ಬೆಸುಗೆ ಹಾಕಿಸಬಹುದೇ?

ಮೊದಲು ಅದು ಟ್ಯಾಂಕೇ ಹೌದೇ ಎಂದು ನೋಡಿ; ಎಲಿಮೆಂಟಿನ ಬುಡದ ಗ್ಯಾಸ್ಕೆಟ್, ಬಿಸಿನೀರಿನ ನಲ್ಲಿಯ ಸಿಲಿಕೋನ್ ವಾಷರ್, ಕೊಳವೆಯ ಕ್ಲಿಪ್ ಇವುಗಳಿಂದ ಸೋರಿದ ನೀರೂ ತಳದಲ್ಲೇ ಸೇರುತ್ತದೆ. ಎಲ್ಲ ಒರೆಸಿ ಒಣಗಿಸಿ, ಸೇರುವೆಗಳಿಗೆ ಒಣ ಕಾಗದದ ಚೂರು ಸುತ್ತಿ, ಟ್ಯಾಂಕು ತುಂಬಿಸಿ, ಯಾವ ಚೂರು ಮೊದಲು ಒದ್ದೆಯಾಗುತ್ತದೆ ಎಂದು ಕಾದು ನೋಡಿ. ಸ್ಟೀಲಿನ ಟ್ಯಾಂಕಿನ ಬೆಸುಗೆಯ ಅಂಚಿನಲ್ಲಿ ಒಂದೇ ಒಂದು ತೂತಿದ್ದರೆ, ಆಹಾರದ ಪಾತ್ರೆಗಳಿಗೆ ಬೆಸುಗೆ ಹಾಕುವುದನ್ನು ಬಲ್ಲವರಿಂದ ಸರಿಮಾಡಿಸಬಹುದು. ಕ್ಲೋರೈಡ್ ಹೆಚ್ಚಿರುವ ನೀರಿನಿಂದ ಲೋಹದ ಮೈಯುದ್ದಕ್ಕೂ ಚುಕ್ಕೆ ಚುಕ್ಕೆಯಾಗಿ ತುಕ್ಕು ಕೊರೆದಿದ್ದರೆ ಒಂದು ತೂತು ಮುಚ್ಚಿದ ಮೇಲೆ ಪಕ್ಕದಲ್ಲಿ ಇನ್ನೊಂದು ತೆರೆಯುತ್ತದೆ. ಆಗ ಟ್ಯಾಂಕನ್ನೇ ಬದಲಿಸಬೇಕು, ಬದಲಿಸುವ ಮೊದಲು ನೀರನ್ನು ಪರೀಕ್ಷೆಗೆ ಕೊಡಬೇಕು.